ಲೇಬಲ್ಲಿನಲ್ಲಿ ಇಲ್ಲದ ಹೆಸರು

ಫೆಬ್ರವರಿ 4

ಇವತ್ತಿನಿಂದ ನಾನು ಬೆಳಗಿನ ಪಾಳಿಯ ಮುಖ್ಯಸ್ಥ. ಹತ್ತೊಂಬತ್ತು ವರ್ಷ ಲೋಷನ್ ಹಂಡೆಯ ಮುಂದೆ ನಿಂತವನಿಗೆ ಕೊನೆಗೂ ಒಂದು ಕುರ್ಚಿ ಸಿಕ್ಕಿತು. ಅದರ ಒಂದು ಕಾಲು ಗಿಡ್ಡ, ಆದರೂ ಕುರ್ಚಿಯೇ. ಇನ್ನು ಮುಂದೆ, ಏನೇನು ಎಷ್ಟು ಹಾಕಿದೆವೆಂದು ಬರೆಯುವ ಪ್ರತಿ ಹಂಡೆಯ ಹಾಳೆಗೂ ನನ್ನ ಸಹಿ ಬೀಳದೆ ಮಾಲು ಬಾಟಲಿಗೆ ಇಳಿಯುವಂತಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. "ಅಂದ್ರೆ ಇನ್ಮೇಲೆ ಬೈಸ್ಕೊಳ್ಳೋ ಬದಲು ಬೈಯೋದು, ಅಷ್ಟೇ ತಾನೆ?" ಎಂದಳು. ಆದರೆ ಮುಖ ಅರಳಿತ್ತು. ನನ್ನನ್ನು ಕೂರಿಸಿ ತಾನೇ ತಲೆಗೂದಲು ಕತ್ತರಿಸಿದಳು. ಬೀದಿ ತಿರುವಿನ ಪಾರ್ಲರಿನಲ್ಲಿ ಹದಿನಾರು ವರ್ಷದ ಕೈ ಅವಳದು. ಅವಳಿಗಾಗಿಯೇ ಕಾದು ಕೂರುವ ಗಿರಾಕಿಗಳಿದ್ದಾರೆ. ಮುಖ್ಯಸ್ಥನ ತಲೆ ಮುಖ್ಯಸ್ಥನ ಹಾಗಿರಬೇಕಂತೆ.

ಹಳೆಯ ಹಂಡೆ ಪುಸ್ತಕವೊಂದು ಪೂರ್ತಿ ಖಾಲಿ ಉಳಿದಿತ್ತು. ಎಸೆಯಲು ಮನಸ್ಸು ಬಾರದೆ ಮನೆಗೆ ತಂದೆ. ಅದರಲ್ಲೇ ಇದನ್ನು ಬರೆಯುತ್ತಿದ್ದೇನೆ.

ಫೆಬ್ರವರಿ 19

ಸಣ್ಣ ತೊಡಕು. ಲೋಷನ್ ಕೆಡದಂತೆ ಕಾಯುವ ಸಂರಕ್ಷಕ ಮುಗಿದಿದೆ, ಹೊಸದು ಬಂದಿಲ್ಲ. ಮ್ಯಾನೇಜರ್ ಕೈತೊಳೆಯುವ ದ್ರವ ಮಾಡುವ ವಿಭಾಗದಿಂದ ಒಂದು ನೀಲಿ ಡ್ರಮ್ ಉರುಳಿಸಿಕೊಂಡು ಬರಹೇಳಿದರು.

"ಇದೂ ಸಂರಕ್ಷಕವೇ. ಇನ್ನೂ ಕಡಿಮೆ ಹಾಕಿದ್ರೆ ಸಾಕು," ಎಂದರು.

"ಲೇಬಲ್ ಮೇಲೆ ಹಳೇದರ ಹೆಸರಿದೆಯಲ್ಲ ಸಾರ್."

"ಎರಡು ಲಕ್ಷ ಲೇಬಲ್ ಬಿದ್ದಿದೆ, ಸುಟ್ಟುಬಿಡೋಣ್ವಾ? ತಾತ್ಕಾಲಿಕ ಕಣ್ರೀ. ಹಾಳೇಲೂ ಹಳೇ ಹೆಸರೇ ಇರ್ಲಿ."

ನಾನು ಸಹಿ ಹಾಕಿದೆ. ಸಾವಿರ ಭಾಗದಲ್ಲಿ ಒಂದು ಭಾಗವೂ ಇಲ್ಲದ ವಸ್ತು. ಸುಗಂಧದ ಮುಂದೆ ಅದರ ವಾಸನೆ ಕೂಡ ಯಾರಿಗೂ ಬಡಿಯದು. ಮಾಲು ಚೆನ್ನಾಗಿಯೇ ಬಂತು, ಬಿಳಿ, ನುಣುಪು. ಅದೇ ಹಂಡೆಯದು ಆರು ಬಾಟಲಿ, ತಿಂಗಳಿಗೊಮ್ಮೆ ನೌಕರರಿಗೆ ಕೊಡುವ ಪಾಲಿನಲ್ಲಿ, ಮನೆಗೆ ತಂದೆ.

ಮಾರ್ಚ್ 14

ಇವಳ ಬೆರಳ ಸಂದುಗಳು ಕೆಂಪಾಗಿವೆ. ತುರಿಕೆಯಂತೆ. ಹಗಲಿಡೀ ಶಾಂಪೂ ನೀರಿನಲ್ಲಿ ಕೈ ಅದ್ದಿದರೆ ಇನ್ನೇನಾಗುತ್ತದೆ. "ಲೋಷನ್ ಹಚ್ಚು, ಧಾರಾಳವಾಗಿ ಹಚ್ಚು, ನಮ್ಮದೇ ಕಾರ್ಖಾನೆ," ಎಂದೆ. ದಿನಕ್ಕೆ ನಾಲ್ಕು ಸಲ ಹಚ್ಚುತ್ತಿದ್ದಾಳೆ.

ಮಾರ್ಚ್ 27

ಬೆರಳುಗಳು ಸೀಳಿವೆ. ಕಣ್ಣಿನ ರೆಪ್ಪೆ ಊದಿ, ಅತ್ತು ಎದ್ದವಳಂತೆ ಕಾಣುತ್ತಾಳೆ. ಪಾರ್ಲರಿನ ಯಜಮಾನಿ ಅವಳನ್ನು ಬಾಗಿಲ ಹತ್ತಿರದ ಕುರ್ಚಿಯಿಂದ ಹಿಂದಿನ ಕುರ್ಚಿಗೆ ಹಾಕಿದ್ದಾಳಂತೆ. ಗಿರಾಕಿಯೊಬ್ಬಳು "ಆ ಕೈ ನನ್ನ ತಲೆಗೆ ಬೇಡ" ಎಂದಳಂತೆ.

"ಆ ಕೈಯಲ್ಲೇ ಅವಳ ಮದುವೆಗೆ ತಲೆ ಬಾಚಿದ್ದೆ," ಎಂದಳು ಇವಳು.

ತಲೆಗೆ ಹಾಕುವ ಬಣ್ಣವೇ ಕಾರಣ ಎಂದೆ ನಾನು. ಅದಕ್ಕೆ ಅಲರ್ಜಿಯಾಗುತ್ತದೆಂದು ಎಲ್ಲರಿಗೂ ಗೊತ್ತು. ಎಷ್ಟು ಹೇಳಿದರೂ ಕೈಗವಸು ಹಾಕಿಕೊಳ್ಳುವುದಿಲ್ಲ, ಕೂದಲು ಕೈಗೆ ತಿಳಿಯೋದಿಲ್ಲ ಎನ್ನುತ್ತಾಳೆ. ಹಟಮಾರಿ.

ಏಪ್ರಿಲ್ 2

ಊಟದ ಬಿಡುವಿನಲ್ಲಿ ಲ್ಯಾಬಿನ ಅಕ್ಕನ ಪಕ್ಕ ಕೂತಿದ್ದೆ. ನನಗಿಂತ ಹತ್ತು ವರ್ಷ ಚಿಕ್ಕವಳು, ಆದರೂ ಇಡೀ ಕಾರ್ಖಾನೆಗೆ ಅಕ್ಕ. ತಲೆಯ ಬಣ್ಣಕ್ಕೆ ಹೀಗೆಲ್ಲ ಆಗುತ್ತದಾ ಎಂದು ಸುಮ್ಮನೆ ಕೇಳಿದೆ, ಕೈ, ರೆಪ್ಪೆ ಎಲ್ಲ ವಿವರಿಸಿ.

ಆಕೆ ತುತ್ತು ಕೆಳಗಿಟ್ಟಳು.

"ಆಗಬಹುದು. ಅಥವಾ ಆ ನೀಲಿ ಡ್ರಮ್ಮಿನ ಮಾಲಿಗೂ ಆಗತ್ತೆ. ಹೀಗೇ ಆಗತ್ತೆ, ಕೈ, ರೆಪ್ಪೆ, ಆಮೇಲೆ ಕತ್ತು."

"ಅದು ಕೈತೊಳೆಯೋ ದ್ರವದಲ್ಲಿ ಇದೆಯಲ್ಲ, ಊರೆಲ್ಲ ಬಳಸ್ತಾರೆ."

"ಅದು ತೊಳೆದು ಹೋಗತ್ತೆ ಅಣ್ಣ. ಲೋಷನ್ ಮೈಮೇಲೇ ಉಳಿಯತ್ತೆ, ದಿನಾ, ಗಂಟೆಗಟ್ಟಲೆ. ಮೈಮೇಲೆ ಉಳಿಯೋದಕ್ಕೆ ಅದನ್ನ ಹಾಕಬಾರದು. ನಾನು ಮ್ಯಾನೇಜರಿಗೆ ಚೀಟಿ ಬರೆದು ಕೊಟ್ಟಿದ್ದೆ. ಎಲ್ಲರಿಗೂ ಏನೂ ಆಗಲ್ಲ. ಆದವರಿಗೆ ಮಾತ್ರ ಆಮೇಲೆ ಬಿಡಲ್ಲ. ಚರ್ಮ ಒಂದ್ಸಲ ಅದನ್ನ ಶತ್ರು ಅಂತ ಗುರುತು ಹಿಡಿದ್ರೆ ಮತ್ತೆ ಮರೆಯಲ್ಲ." ನನ್ನ ಕಡೆ ತಿರುಗಿ ಕೇಳಿದಳು, "ಯಾರಿಗೆ ಹೀಗಾಗಿರೋದು?"

"ಪಕ್ಕದ ಮನೆಯವರಿಗೆ," ಎಂದೆ.

ಯಾಕೆ ಹಾಗೆಂದೆನೋ ತಿಳಿಯದು. ಡಬ್ಬಿ ಮುಚ್ಚಿ ಎದ್ದೆ.

ಏಪ್ರಿಲ್ 3

ಯೋಚಿಸಿದರೆ, ಬಣ್ಣವೂ ಇರಬಹುದು. ಅಕ್ಕನೇ "ಆಗಬಹುದು" ಎಂದಳಲ್ಲ. ಖಚಿತವಿಲ್ಲದೆ ಬಾಯಿ ಬಿಟ್ಟರೆ ಇವಳು ಸುಮ್ಮನಿರುವವಳಲ್ಲ, ನೇರ ಕಾರ್ಖಾನೆಯ ಗೇಟಿಗೇ ಬರುತ್ತಾಳೆ. ಹಾಳೆಗಳ ಮೇಲೆ ಇರುವುದು ನನ್ನ ಸಹಿ. ಕುರ್ಚಿ ಹತ್ತಿ ಎರಡು ತಿಂಗಳಾಗಿದೆ.

ಬಾಟಲಿ ಮಾತ್ರ ಸ್ನಾನದ ಮನೆಯ ಮೇಲಿನ ಕಪಾಟಿಗೆ ಎತ್ತಿಟ್ಟೆ. ಸಂಜೆ ನೋಡಿದರೆ ಇವಳು ಸ್ಟೂಲು ಹತ್ತಿ ಇಳಿಸಿಕೊಂಡಿದ್ದಾಳೆ.

ಏಪ್ರಿಲ್ 8

ಹೇಳಬೇಕು. ಭಾನುವಾರ ಹೇಳುತ್ತೇನೆ.

ಏಪ್ರಿಲ್ 13

ಭಾನುವಾರ. ಬೆಳಗಿನ ಚಹಾದ ಹೊತ್ತಿಗೆ ಮಾತು ತೆಗೆದೆ. "ನಿನ್ನ ಕೈ ವಿಷಯ," ಎಂದೆ. ಅವಳು ಲೋಟವನ್ನು ಎರಡು ಅಂಗೈಗಳ ನಡುವೆ ಹಿಡಿದಿದ್ದಳು, ಬೆರಳು ಮಡಚಲಾರದೆ. ನನ್ನ ಬಾಯಿಂದ ಬಂದದ್ದು: "ಆ ಪಾರ್ಲರ್ ಬಿಟ್ಟುಬಿಡು. ಬಣ್ಣದ ಸಹವಾಸ ಸಾಕು."

ಅವಳು ಲೋಟ ಕೆಳಗಿಟ್ಟಳು. ಆಮೇಲೆ, "ನಾನೂ ಅದನ್ನೇ ಅಂದ್ಕೊಳ್ತಿದ್ದೆ. ಅವರು ಹೋಗು ಅನ್ನೋ ಮುಂಚೆ ನಾನೇ ಹೋದ್ರೆ ಮರ್ಯಾದೆ," ಎಂದಳು.

ಮಧ್ಯಾಹ್ನ ಹೋಗಿ ತನ್ನ ಕತ್ತರಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಳು. ಐದು ಕತ್ತರಿ, ಮೂರು ಬಾಚಣಿಗೆ. ಯಜಮಾನಿ ಬಾಗಿಲವರೆಗೆ ಬಂದು ಕಳಿಸಿಕೊಟ್ಟಳಂತೆ.

ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅವಳಿಗೂ ವಿಶ್ರಾಂತಿ ಬೇಕಿತ್ತು.

ಏಪ್ರಿಲ್ 29

ಕೆಲಸ ಬಿಟ್ಟು ಹದಿನಾರು ದಿನ. ಕೈ ಹಾಗೇ ಇದೆ, ಕತ್ತಿನ ಮೇಲೆ ಹೊಸದಾಗಿ ಎದ್ದಿದೆ. ದಿನಕ್ಕೆ ಆರು ಸಲ ಲೋಷನ್. ಚರ್ಮದ ಡಾಕ್ಟರ ಹತ್ತಿರ ತಾನೇ ಹೋಗಿ ಬಂದಳು. ಬೆನ್ನ ತುಂಬ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಕಳಿಸಿದ್ದಾರೆ. ಒಂದೊಂದರ ಕೆಳಗೆ ಒಂದೊಂದು ವಸ್ತು. ಎರಡು ದಿನ ಬೆನ್ನಿಗೆ ನೀರು ತಾಗುವಂತಿಲ್ಲ. ಬೋರಲು ಮಲಗಿ, "ಗೋಡೆಗೆ ಜಾಹೀರಾತು ಅಂಟಿಸಿದ ಹಾಗಿದೆಯಾ?" ಎಂದು ಕೇಳಿದಳು. ನಾನು ನಕ್ಕೆ.

ಮೇ 3

ಫಲಿತಾಂಶ ಬಂತು. ತಲೆಯ ಬಣ್ಣದ ಪಟ್ಟಿಯ ಕೆಳಗೆ ಏನೂ ಇಲ್ಲ, ಚರ್ಮ ಮಗುವಿನದರಂತಿದೆ. ಸುಗಂಧಕ್ಕೂ ಏನಿಲ್ಲ. ಒಂದೇ ಒಂದು ಪಟ್ಟಿಯ ಕೆಳಗೆ ಕೆಂಪಗೆ ಗುಳ್ಳೆ ಎದ್ದಿದೆ. ಡಾಕ್ಟರು ಆ ವಸ್ತುವಿನ ಹೆಸರನ್ನು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಿದ್ದಾರೆ: ಮೀಥೈಲ್‌ಐಸೋಥಯಾಜೋಲಿನೋನ್.

ನೀಲಿ ಡ್ರಮ್ಮಿನ ಮೇಲಿರುವ ಹೆಸರು. ನಾನು ದಿನವೂ ನೋಡುವ ಹೆಸರು.

"ರೈಲುಗಾಡಿ ಇದ್ದ ಹಾಗಿದೆ," ಎಂದಳು. "ಮನೇಲಿರೋ ಎಲ್ಲಾದರ ಮೇಲೂ ಹುಡುಕಿ ಅಂದ್ರು ಡಾಕ್ಟ್ರು. ಇರೋದನ್ನೆಲ್ಲ ಎಸೀಬೇಕಂತೆ. ನಾಳೆ ನಿಮಗೆ ರಜೆ ಅಲ್ವಾ, ಕೂತ್ಕೊಂಡು ಹೇಳಿಕೊಡಿ. ಇಷ್ಟು ವರ್ಷ ಇವನ್ನೆಲ್ಲ ಕಲಸಿದೀರಿ, ನನಗೆ ಒಂದು ದಿನಾನೂ ಹೇಳಲಿಲ್ಲ."

ಬಣ್ಣ ಅಲ್ಲ ಎಂದು ಗೊತ್ತಾದಾಗ ಏನನ್ನಿಸಿತು ಎಂದು ನಾನು ಕೇಳಲಿಲ್ಲ. ಅವಳೇ ಅಡುಗೆ ಮನೆಯಿಂದ, "ಸುಮ್ಮನೆ ಕೆಲಸ ಬಿಟ್ಟೆ," ಎಂದಳು. ನನಗೆ ಹೇಳಿದ್ದೋ, ಪಾತ್ರೆಗೆ ಹೇಳಿದ್ದೋ.

ಮೇ 4

ಮನೆಯ ಬಾಟಲಿಗಳನ್ನೆಲ್ಲ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಶಾಂಪೂ, ಪಾತ್ರೆ ತೊಳೆಯುವ ದ್ರವ, ನನ್ನ ಗಡ್ಡದ ಕ್ರೀಮು. ಭೂತಗನ್ನಡಿ ಎಲ್ಲಿಂದಲೋ ತಂದಿದ್ದಳು. ಒಂದೊಂದೇ ಹೆಸರನ್ನು ಅಕ್ಷರ ಬಿಡಿಸಿ ಓದುತ್ತ ಹೋದಳು. ಶಾಂಪೂವಿನಲ್ಲಿ ಆ ಹೆಸರಿತ್ತು, ಎತ್ತಿ ಬುಟ್ಟಿಗೆ ಹಾಕಿದಳು. ಪಾತ್ರೆ ದ್ರವದಲ್ಲೂ ಇತ್ತು. ಕೊನೆಗೆ ನಮ್ಮ ಲೋಷನ್ ಕೈಗೆತ್ತಿಕೊಂಡಳು.

"ಮೊದಲು ನೀರು ಅಂತಿದೆ."

"ಯಾವುದು ಹೆಚ್ಚಿದೆಯೋ ಅದು ಮೊದಲು. ಮುಕ್ಕಾಲು ಪಾಲು ನೀರೇ."

"ಇಷ್ಟು ದಿನ ನೀರು ಹಚ್ಚಿಕೊಳ್ತಿದ್ದೆ ಅನ್ನಿ. ಆಮೇಲೆ ಗ್ಲಿಸರಿನ್."

"ಅದು ನೀರನ್ನ ಎಳೆದು ಹಿಡ್ಕೊಳ್ಳತ್ತೆ. ಚರ್ಮದಿಂದ ಹೋಗೋಕೆ ಬಿಡಲ್ಲ."

"ಇದು ಆಲ್ಕೋಹಾಲ್ ಅಂತಿದೆಯಲ್ಲ, ಸೀಟೈಲ್ ಆಲ್ಕೋಹಾಲ್. ಅದಕ್ಕೇ ನೀವು ಕೆಲಸಕ್ಕೆ ಅಷ್ಟು ಖುಷಿಯಾಗಿ ಹೋಗೋದು."

"ಅದು ಅಮಲಿನದಲ್ಲ ಮಾರಾಯ್ತಿ. ಮೇಣದ ಚೂರಿನ ಹಾಗೆ ಗಟ್ಟಿ ಇರತ್ತೆ. ಎಣ್ಣೆ ನೀರು ಎರಡಕ್ಕೂ ಜಗಳ, ಅವನ್ನ ಒಟ್ಟಿಗೆ ಕೂರಿಸೋರು ಬೇಕು. ಇದೂ, ಇದರ ಕೆಳಗಿನದೂ ಸೇರಿ ಆ ಕೆಲಸ ಮಾಡ್ತವೆ. ಎರಡನ್ನೂ ಬೇರೆ ಬೇರೆ ಬಿಸಿ ಮಾಡಿ, ಒಂದರೊಳಗೆ ಒಂದು ಸುರಿದು ಜೋರಾಗಿ ತಿರುಗಿಸಿದ್ರೆ ನೋಡ್ತಾ ನೋಡ್ತಾ ಬೆಳ್ಳಗಾಗತ್ತೆ."

ನಾನು ಕೈಯಲ್ಲಿ ತಿರುಗಿಸಿ ತೋರಿಸುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಮದುವೆಯಾದ ಹೊಸತರಲ್ಲಿ ನೋಡುತ್ತಿದ್ದಂತೆ. ಇಷ್ಟು ವರ್ಷಗಳಲ್ಲಿ ನನ್ನ ಕೆಲಸದ ಬಗ್ಗೆ ಇಷ್ಟು ಮಾತಾಡಿದ್ದು ಇದೇ ಮೊದಲು.

"ಪೆಟ್ರೋಲಿಯಂ ಜೆಲ್ಲಿ?"

"ಮುಚ್ಚಳ. ಒಳಗಿನ ನೀರು ಆರದ ಹಾಗೆ ಮೇಲೊಂದು ಮುಚ್ಚಳ."

"ಸುಗಂಧ ಅಂತ ಒಂದೇ ಪದ. ಅದರೊಳಗೆ ಏನಿದೆ?"

"ನಮಗೂ ಗೊತ್ತಿಲ್ಲ. ಸೀಲಾಗಿ ಬರತ್ತೆ."

"ಕೊನೇದು ಫೀನಾಕ್ಸಿಎಥನಾಲ್."

"ಸಂರಕ್ಷಕ. ಬೂಸ್ಟು ಹಿಡಿಯದ ಹಾಗೆ ಕಾಯತ್ತೆ." ನನ್ನ ದನಿ ಸರಿಯಾಗಿಯೇ ಇತ್ತು.

ಚೀಟಿ ಪಕ್ಕದಲ್ಲಿಟ್ಟುಕೊಂಡು ಎರಡು ಸಲ ಮೇಲಿಂದ ಕೆಳಕ್ಕೆ ಬೆರಳಾಡಿಸಿದಳು. ಆಮೇಲೆ ಭೂತಗನ್ನಡಿ ಕೆಳಗಿಟ್ಟು ಉಸಿರು ಬಿಟ್ಟಳು. "ಸದ್ಯ. ನಿಮ್ಮದರಲ್ಲಿ ಇಲ್ಲ. ಇದೊಂದು ಉಳೀತಲ್ಲ."

ಬಾಟಲಿ ಒತ್ತಿ ಅಂಗೈಗೆ ಸುರಿದುಕೊಂಡಳು. ಸೀಳಿದ ಬೆರಳುಗಳಿಗೆ ತಿಕ್ಕಿದಳು, ಆಮೇಲೆ ಕತ್ತಿಗೆ, ಆಮೇಲೆ ರೆಪ್ಪೆಗೆ. ನಾನು ಎದುರು ಕೂತು ನೋಡಿದೆ.

ಮೇ 9

ಉಪಾಯ ಹೊಳೆಯಿತು. ಮಾದರಿ ಕೋಣೆಯಲ್ಲಿ ಪ್ರತಿ ಹಂಡೆಯ ಕೆಲವು ಬಾಟಲಿ ಮುಂದಿನ ಪರೀಕ್ಷೆಗೆಂದು ಎತ್ತಿಟ್ಟಿರುತ್ತೇವೆ. ಜನವರಿಯದು ಹಳೆಯ ಸಂರಕ್ಷಕದ್ದು, ಶುದ್ಧ. ನಾಲ್ಕು ತೆಗೆದುಕೊಂಡು ಅಲ್ಲಿನ ಪುಸ್ತಕದಲ್ಲಿ "ಒಡೆದಿದೆ" ಎಂದು ಬರೆದೆ. ಮನೆಯಲ್ಲಿ ಇವಳ ಬಾಟಲಿಗಳನ್ನು ತೆಗೆದು ಅವನ್ನಿಟ್ಟೆ. ಅದೇ ಬಾಟಲಿ, ಅದೇ ಲೇಬಲ್. ಯಾರಿಗೂ ನೋವಿಲ್ಲ. ಬಹಳ ದಿನದ ನಂತರ ಹೊಟ್ಟೆ ತುಂಬ ಉಂಡೆ.

ಜೂನ್ 1

ಕೈ ವಾಸಿಯಾಗಿದೆ. ರೆಪ್ಪೆ ಇಳಿದಿದೆ. ಡಾಕ್ಟರಿಗೂ ಖುಷಿ. "ಶಾಂಪೂ ಎಸೆದದ್ದು, ನಿಮ್ಮ ಲೋಷನ್ ಬಿಡದೆ ಹಚ್ಚಿದ್ದು, ಎರಡೂ ಕೆಲಸ ಮಾಡ್ತು," ಎನ್ನುತ್ತಾಳೆ.

ಕತ್ತರಿಗಳನ್ನು ಒರೆಸಿಕೊಂಡು ಪಾರ್ಲರಿಗೆ ಹೋಗಿದ್ದಳು. ಯಜಮಾನಿ ಬಾ ಎಂದಳಂತೆ. ಆದರೆ ಇವಳು ಅಲ್ಲಿನ ಶೆಲ್ಫಿನ ಮುಂದೆ ನಿಂತು ಒಂದೊಂದೇ ಬಾಟಲಿ ತಿರುಗಿಸಿ ಓದಿದ್ದಾಳೆ. ಒಂಬತ್ತರಲ್ಲಿ ಆರಕ್ಕೆ ಆ ಹೆಸರಿತ್ತಂತೆ.

"ಅದರಲ್ಲಿ ಕೈ ಇಟ್ರೆ ಮತ್ತೆ ಶುರುವಾಗತ್ತೆ. ಒಂದ್ಸಲ ಹಿಡಿದ್ರೆ ಬಿಡಲ್ಲ ಅಂದಿದಾರಲ್ಲ ಡಾಕ್ಟ್ರು. ನನಗೆ ಆ ಕೆಲಸ ಮುಗೀತು." ಕತ್ತರಿಗಳನ್ನು ಮತ್ತೆ ಬಟ್ಟೆಯಲ್ಲಿ ಸುತ್ತುತ್ತ ಕೇಳಿದಳು, "ಹದಿನಾರು ವರ್ಷ ಏನೂ ಆಗದ ಶಾಂಪೂಗೆ ಈಗ್ಯಾಕೆ ಆಯ್ತು?"

"ವಯಸ್ಸು," ಎಂದೆ.

ಜೂನ್ 9

ಪಾಳಿ ಮುಗಿಸಿ ಬಂದರೆ ಇವಳು ಅಂಚೆ ಕಚೇರಿಯಿಂದ ಆಗಷ್ಟೇ ಬಂದಿದ್ದಳು. ಮಗಳಿಗೆ ಒಂದು ಪೊಟ್ಟಣ ಕಳಿಸಿದಳಂತೆ. ಮೊಮ್ಮಗಳಿಗೆ ಏಳು ತಿಂಗಳು, ಕೆನ್ನೆ ಒಣಗಿದೆ ಎಂದು ಮಗಳು ಫೋನಿನಲ್ಲಿ ಹೇಳಿದ್ದಳು. ಈ ತಿಂಗಳು ನೌಕರರ ಪಾಲಿನಲ್ಲಿ ಬಂದ ಆರು ಬಾಟಲಿಯನ್ನೂ ಕಳಿಸಿದ್ದಾಳೆ. ನಾನು ಅವನ್ನು ಕಪಾಟಿನ ಹಿಂದೆ ಸರಿಸಿಟ್ಟಿದ್ದೆ, ಎಸೆಯಬೇಕೆಂದು.

ಮಗಳಿಗೆ ಫೋನ್ ಮಾಡಿ ಏನಾದರೂ ಹೇಳಬಹುದು. ಏನೆಂದು ಹೇಳುವುದು? ಎಲ್ಲರಿಗೂ ಆಗುವುದಿಲ್ಲ ಎಂದು ಅಕ್ಕನೇ ಹೇಳಿದ್ದಾಳೆ. ನೂರರಲ್ಲಿ ಕೆಲವರಿಗೆ. ಒಂದೇ ಮನೆಯಲ್ಲಿ ಇಬ್ಬರಿಗೆ ಆಗುವುದುಂಟೇ.

ಜೂನ್ 15

ಬರೆಯುವಂಥದ್ದೇನೂ ಇಲ್ಲ. ಡ್ರಮ್ ಮುಗಿಯಿತು, ಎರಡನೆಯದು ಬಂತು. ಅದೂ ನೀಲಿ.

ಜುಲೈ 6

ಮಧ್ಯಾಹ್ನ ಎರಡೂವರೆ. ಮಗಳ ಫೋನು. ಇವಳು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದಳು. ಮಗುವಿನ ಕೆನ್ನೆ, ಕತ್ತಿನ ಮಡಿಕೆ, ತೊಡೆಯ ಸಂದು, ಎಲ್ಲ ಕೆಂಪಾಗಿ ನೀರು ಸುರಿಯುತ್ತಿದೆಯಂತೆ. ಮಗು ಕೆರೆದುಕೊಳ್ಳಲು ಬಾರದೆ ಮುಖವನ್ನು ಹಾಸಿಗೆಗೆ ಉಜ್ಜುತ್ತಿದೆಯಂತೆ. ಹಿಂದೆ ಅದರ ಅಳು ಕೇಳುತ್ತಿತ್ತು.

"ಅಮ್ಮ, ಲೋಷನ್ನಿಂದ ಏನಾದ್ರೂ ಆಗಿರಬಹುದಾ?"

"ಅದರಿಂದ ಏನೂ ಆಗಲ್ಲ ಕಣೇ, ನಾನೇ ಓದಿದೀನಿ," ಎಂದಳು ಇವಳು. ನೋಡದೆಯೇ ಒಪ್ಪಿಸತೊಡಗಿದಳು. ನೀರು, ಗ್ಲಿಸರಿನ್, ಸೀಟೈಲ್ ಆಲ್ಕೋಹಾಲ್, ಅದು ಅಮಲಿನದಲ್ಲ, ಮೇಣದ ಹಾಗಿರೋದು, ಪೆಟ್ರೋಲಿಯಂ ಜೆಲ್ಲಿ, ಅದು ಮುಚ್ಚಳ. ನಾನು ಹೇಳಿಕೊಟ್ಟದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. "ನನ್ನ ಕೈ ವಾಸಿಯಾಗಿದ್ದೇ ಅದರಿಂದ. ಇನ್ನೆರಡು ಸಲ ಜಾಸ್ತಿ ಹಚ್ಚು."

"ಬೇಡ," ಎಂದೆ.

ಇವಳು ತಿರುಗಿ ನೋಡಿದಳು.

"ಹಚ್ಚಬೇಡ ಅನ್ನು. ಬರೀ ನೀರಲ್ಲಿ ತೊಳೆದು ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ಲಿ. ಆ ಚೀಟಿಯ ಹೆಸರು ಹೇಳು."

"ಅದು ಇದರಲ್ಲಿ ಇಲ್ವಲ್ಲ."

"ಇದೆ."

ಇವಳು ಫೋನಿಗೆ ಬಾಯಿ ಹತ್ತಿರ ತಂದು ನಾನು ಹೇಳಿದ್ದನ್ನೆಲ್ಲ ಮಗಳಿಗೆ ಹೇಳಿದಳು, ಆ ಉದ್ದದ ಹೆಸರನ್ನು ಅಕ್ಷರ ಬಿಡಿಸಿ ಬರೆಸಿದಳು. ಫೋನ್ ಇಟ್ಟು ನನ್ನ ಎದುರು ಬಂದು ಕೂತಳು. ನಾನು ಎಲ್ಲ ಹೇಳಿದೆ. ನೀಲಿ ಡ್ರಮ್, ಹಳೆಯ ಲೇಬಲ್, ಬದಲಿಸಿಟ್ಟ ಬಾಟಲಿ. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು? ನಾನು ಕೆಲಸ ಬಿಡೋ ಮುಂಚೆನಾ, ಆಮೇಲಾ?"

"ಆಮೇಲೆ," ಎಂದೆ. "ಡಾಕ್ಟ್ರ ಚೀಟಿ ನೋಡಿದ ಮೇಲೇ."

ಹನ್ನೊಂದು ದಿನ ಮುಂಚೆ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಆ ಒಂದನ್ನು ಯಾಕೆ ಹೇಳಬೇಕು. ಅವಳಿಗೆ ಅಷ್ಟು ನೋವು ಸಾಕು.

ಐದು ಗಂಟೆಯ ಬಸ್ಸಿಗೆ ಮಗಳ ಊರಿಗೆ ಹೊರಟಳು. ಚೀಲದಲ್ಲಿ ಎರಡು ಸೀರೆ ತುರುಕಿಕೊಂಡಳು. ನನ್ನಿಂದ ಕೇಳಿಕೊಂಡದ್ದು ಒಂದೇ: ಹಂಡೆಯ ಸಂಖ್ಯೆ ಬಾಟಲಿಯಲ್ಲಿ ಎಲ್ಲಿ ಬರೆದಿರುತ್ತದೆ. ತಳದಲ್ಲಿ ಎಂದೆ.

ಜುಲೈ 10

ಫೋನ್ ಎತ್ತುತ್ತಿಲ್ಲ. ಮಗಳು ಎತ್ತಿ, "ಪಾಪು ಪರವಾಗಿಲ್ಲ, ಅಮ್ಮ ಮಲಗಿದಾಳೆ," ಎನ್ನುತ್ತಾಳೆ. ಹಗಲು ಹನ್ನೊಂದಕ್ಕೂ ಮಲಗಿದ್ದಾಳೆ, ಸಂಜೆ ಆರಕ್ಕೂ ಮಲಗಿದ್ದಾಳೆ.

ಜುಲೈ 22

ಕಾರ್ಖಾನೆಗೆ ಸರ್ಕಾರದ ತಪಾಸಣೆಯವರು ಬಂದರು, ಇಬ್ಬರು. ಮೇಜಿನ ಮೇಲೆ ಆರು ಬಾಟಲಿ ಇಟ್ಟರು. ದೂರು ಕೊಟ್ಟವರ ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಲ್ಯಾಬಿನ ಅಕ್ಕ ತಾನು ಬರೆದ ಚೀಟಿಯ ನಕಲನ್ನು ಅವರಿಗೆ ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಮ್ಯಾನೇಜರ್ ಹಾಳೆಗಳ ಕಟ್ಟನ್ನು ಅವರ ಮುಂದೆ ಸರಿಸಿ, "ಪಾಳಿ ಮುಖ್ಯಸ್ಥರು ಇವರು. ಏನು ಹಾಕಿದ್ರು ಅಂತ ಇವರಿಗೇ ಗೊತ್ತು. ನಾವು ಸಹಿ ನಂಬ್ತೀವಿ," ಎಂದರು.

ಆಗ ನಾನು ನಿಜ ಹೇಳಿದೆ. ಒಂದೂ ಬಿಡದೆ ಹೇಳಿದೆ, ಅವರು ಬರೆದುಕೊಂಡರು. ಮನುಷ್ಯನಿಗೆ ಕೊನೆಗೆ ಸತ್ಯವೇ ದೊಡ್ಡದು. ಹೊರಗೆ ತಲೆ ಎತ್ತಿಕೊಂಡೇ ಬಂದೆ. ನಾಳೆಯಿಂದ ಬರಬೇಡಿ ಎಂದು ಗೇಟಿನಲ್ಲಿ ಹೇಳಿದರು. ಮ್ಯಾನೇಜರಿಗೂ ಅದನ್ನೇ ಹೇಳಿದರೋ ಇಲ್ಲವೋ ಗೊತ್ತಿಲ್ಲ.

ಜುಲೈ 25

ಮಗಳ ಮನೆಗೆ ಹೋದೆ. ಬಾಗಿಲು ತೆಗೆದದ್ದು ಇವಳೇ, ಸೊಂಟದ ಮೇಲೆ ಮಗು. ಮಗುವಿನ ಕೆನ್ನೆ ತಿಳಿಯಾಗಿದೆ. ಕತ್ತಿನ ಮಡಿಕೆಯಲ್ಲಿ ಮಾತ್ರ ಒಂದು ಕಂದು ಗೆರೆ ಉಳಿದಿದೆ.

ಕೂರು ಎನ್ನಲಿಲ್ಲ. ನಾನೇ ಕೂತೆ. ತಪಾಸಣೆಯವರಿಗೆ ನಿಜ ಹೇಳಿದ್ದನ್ನು, ಕೆಲಸ ಹೋದದ್ದನ್ನು ಹೇಳಿದೆ. ಅವಳು ಮಗುವಿನ ಅಂಗಿಯ ಗುಂಡಿ ಹಾಕುತ್ತಿದ್ದಳು.

"ಇನ್ನೊಂದು ಹೇಳಬೇಕು," ಎಂದೆ. "ನೀನು ಪಾರ್ಲರ್ ಬಿಡೋ ಮುಂಚೆನೇ ನನಗೆ ಗೊತ್ತಿತ್ತು."

"ಅದು ಅವತ್ತೇ ಗೊತ್ತಾಯ್ತು," ಎಂದಳು. "ನೀವು ಯಾವತ್ತೂ ಅಷ್ಟು ಬೇಗ ಉತ್ತರ ಕೊಟ್ಟೋರಲ್ಲ."

ಮಗು ನನ್ನ ಕಡೆ ಕೈ ಚಾಚಿತು. ಎತ್ತಿಕೊಳ್ಳಲು ಎದ್ದೆ. ಇವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೈ ತೊಳ್ಕೊಂಡು ಬನ್ನಿ."

ಹಿತ್ತಲಿನ ನಲ್ಲಿಯಲ್ಲಿ ತೊಳೆದೆ, ಬೆರಳ ಸಂದು, ಉಗುರು, ಮೊಣಕೈವರೆಗೆ. ಒರೆಸಿಕೊಂಡು ಬಂದು ಅವಳ ಮುಂದೆ ಎರಡೂ ಕೈ ಚಾಚಿ ನಿಂತೆ. ಅವಳು ಬಗ್ಗಿ, ಅಂದು ಲೇಬಲ್ ಓದಿದಂತೆ, ಬಹಳ ಹೊತ್ತು ನೋಡಿದಳು.

"ಇನ್ನೊಂದ್ಸಲ," ಎಂದಳು.

ನಾನು ಮತ್ತೆ ಹಿತ್ತಲಿಗೆ ಹೋದೆ.